ಓದುವವರಿಗೂ ನಗು ಬರಬೇಕು: ಮನೆಮಂದಿಯ ಪುಸ್ತಕ ಆರಿಸೋದು, ಓದೋದು ಹೇಗೆ

ಮಕ್ಕಳಿಗೆ ಪುಸ್ತಕ ತರಲು ಅಂಗಡಿಗೆ ಹೋದವರು ಮೊದಲು ಕೇಳೋದು "ನೀತಿಕಥೆ ಇದೆಯಾ?" ಅಂತ. ಮಗು ಸುಳ್ಳು ಹೇಳಬಾರದು, ದೊಡ್ಡವರಿಗೆ ಎದುರು ಮಾತಾಡಬಾರದು, ಜೊತೆಗೆ ಸ್ವಲ್ಪ ಜನರಲ್ ನಾಲೆಡ್ಜೂ ಬರಬೇಕು. ಪಾಪ, ಒಂದು ಪುಸ್ತಕದ ತಲೆ ಮೇಲೆ ಎಷ್ಟೊಂದು ಹೊರೆ! ಮನೆಗೆ ಬಂದ ಮೇಲೆ ಅದು ಶೋಕೇಸಿನಲ್ಲಿ ಕೂರುತ್ತದೆ. "ನಮ್ಮ ಮಗನಿಗೆ ಓದೋ ಆಸಕ್ತಿನೇ ಇಲ್ಲ" ಅಂತ ದೂರು ಶುರುವಾಗುತ್ತದೆ. ನಿಜ ಹೇಳಬೇಕೆಂದರೆ, ಆ ಪುಸ್ತಕ ಓದಿ ಹೇಳಬೇಕಾದ ಅಪ್ಪ-ಅಮ್ಮನಿಗೇ ಬೋರು.

ಹಾಗಾಗಿ ಈ ಲೇಖನದ ಸಲಹೆಗಳೆಲ್ಲ ಒಂದೇ ಮಾತಿನ ಸುತ್ತ ಇವೆ. ಓದಿ ಹೇಳುವ ದೊಡ್ಡವರಿಗೆ ನಗು ತರಿಸುವ ಪುಸ್ತಕ ಆರಿಸಿ. ಅವರು ನಕ್ಕರೆ ಮಕ್ಕಳು ತಾವಾಗಿಯೇ ಹತ್ತಿರ ಬಂದು ಕೂರುತ್ತಾರೆ. ಅದೇ ನಗು ಮಾರನೇ ದಿನ ಶೂ ಹುಡುಕುವ ಗಲಾಟೆಯಲ್ಲೂ, ಹೋಮ್‌ವರ್ಕಿನ ಜಗಳದಲ್ಲೂ ಕೆಲಸಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಕೊಳ್ಳುವ ಮೊದಲು ಒಂದು ಪುಟ ಬಾಯಿಬಿಟ್ಟು ಓದಿ

ಅಂಗಡಿಯಲ್ಲಿ ಯಾರಾದರೂ ನೋಡ್ತಾರೆ ಅಂತ ನಾಚಿಕೆಯಾದರೆ ಮೂಲೆಗೆ ಹೋಗಿ ಪಿಸುದನಿಯಲ್ಲಿ ಓದಿ. ಮಧ್ಯದ ಯಾವುದಾದರೂ ಪುಟ ಸಾಕು. ನಾಲಿಗೆ ತೊಡರುತ್ತಿದೆಯಾ? ಆ ಪುಟದಲ್ಲಿ ಯಾರಾದರೂ ಮಾತಾಡುತ್ತಿದ್ದಾರಾ? ಪುಟ ತಿರುಗಿಸಿ ಮುಂದೇನಾಯ್ತು ನೋಡೋಣ ಅನ್ನಿಸಿತಾ? "ಆತನು ಅತೀವ ಹರ್ಷಚಿತ್ತನಾಗಿ ಉದ್ಗರಿಸಿದನು" ಎಂಬಂಥ ಸಾಲು ಸಿಕ್ಕರೆ ಪುಸ್ತಕ ವಾಪಸ್ ಇಡಿ. ಯಾವ ಮಗುವೂ ಯಾವ ತಾಯಿಯೂ ಹಾಗೆ ಮಾತಾಡುವುದಿಲ್ಲ.

ಮುಖಪುಟದ ಬಣ್ಣ ನೋಡಿ ಮರುಳಾಗಬೇಡಿ. ಕಥೆಯ ಕೊನೆಯಲ್ಲಿ ಚೌಕದೊಳಗೆ "ನೀತಿ:" ಅಂತ ಅಚ್ಚು ಹಾಕಿದ್ದರೆ ಹೆದರಬೇಕಾಗಿಲ್ಲ. ಕಥೆ ಚೆನ್ನಾಗಿದ್ದರೆ ತಗೊಳ್ಳಿ, ಚೌಕ ಮಾತ್ರ ಓದಬೇಡಿ.

ಎರಡನೇ ಹೆಜ್ಜೆ: ವಯಸ್ಸು ನೋಡಿ, ಆದರೆ ಅದನ್ನೇ ಹಿಡಿದು ಕೂರಬೇಡಿ

ಇನ್ನೂ ಓದಲು ಬಾರದ ಪುಟ್ಟ ಮಕ್ಕಳಿಗೆ ಪದ್ಯವೇ ಸರಿ. ಜಿ.ಪಿ. ರಾಜರತ್ನಂ ಅವರ ತುತ್ತೂರಿಯನ್ನು ನಾವೆಲ್ಲ ಶಾಲೆಯಲ್ಲಿ ರಾಗವಾಗಿ ಹಾಡಿ ಮರೆತಿದ್ದೇವೆ. ಈಗ ದೊಡ್ಡವರಾಗಿ ಮತ್ತೆ ಓದಿ ನೋಡಿ. ಬಣ್ಣದ ತಗಡಿನ ತುತ್ತೂರಿ ಕೊಂಡು, ತನ್ನಂಥವರು ಯಾರೂ ಇಲ್ಲ ಅಂತ ಮೆರೆದ ಕಸ್ತೂರಿಯ ಕೈಯಿಂದ ಅದು ಕೊಳಕ್ಕೆ ಜಾರಿ ಬೀಳುತ್ತದೆ. ತುತ್ತೂರಿಯೊಳಗೆ ನೀರು ಹೋಗಿ ದನಿ ಕೆಡುತ್ತದೆ. ಹೊಸ ಮೊಬೈಲ್ ಕೊಂಡ ವಾರದಲ್ಲೇ ಅದನ್ನು ಬಕೆಟ್ಟಿಗೆ ಬೀಳಿಸಿದ ಅಪ್ಪ ಇದನ್ನು ಓದಿದರೆ ಮನೆಯಲ್ಲಿ ಯಾರು ಜಾಸ್ತಿ ನಗುತ್ತಾರೆ ಅಂತ ಬೇರೆ ಹೇಳಬೇಕಾ?

ಐದಾರು ವರ್ಷ ದಾಟಿದವರಿಗೆ ಸರಪಳಿ ಕಥೆಗಳು ತುಂಬಾ ಇಷ್ಟ. ಬಂಟ್ವಾಳದ ಪಂಜೆ ಮಂಗೇಶರಾಯರು (1874–1937) ಹೇಳಿದ "ಸಿಗಡಿ ಯಾಕೆ ಒಣಗಲಿಲ್ಲ?" ಅಂಥದ್ದು. ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಹೋಗುತ್ತದೆ. ತಪ್ಪೂ ದಾಟುತ್ತಾ ಹೋಗುತ್ತದೆ. ಮಕ್ಕಳಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ, ಅದಕ್ಕೇ ಇಷ್ಟವಾಗೋದು. ಹೊಳೆ ದಾಟಿ ಬಂದು ತಲೆ ಎಣಿಸಿ, ಪ್ರತಿಯೊಬ್ಬನೂ ತನ್ನನ್ನೇ ಬಿಟ್ಟು ಲೆಕ್ಕ ಹಾಕಿ "ಅಯ್ಯೋ, ಒಬ್ಬ ಮುಳುಗಿ ಹೋದ" ಅಂತ ಅಳುವ ಗಾಂಪರ ಕಥೆಯೂ ಈ ವಯಸ್ಸಿಗೇ. ತಪ್ಪು ಎಲ್ಲಿದೆ ಅಂತ ಮಗುವಿಗೆ ಮೊದಲೇ ಗೊತ್ತಾಗುತ್ತದೆ, ಕಥೆಯೊಳಗಿನ ದೊಡ್ಡವರಿಗೆ ಗೊತ್ತಾಗಲ್ಲ. ಆ ಖುಷಿಯೇ ಬೇರೆ.

ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ಗಟ್ಟಿಯಾಗಿಯೇ ಓದಬೇಕು. ಇಲಿಗಳು ಬೀದಿಗೆ ಬರುವ ಕಡೆ ಉಸಿರು ತೆಗೆದುಕೊಳ್ಳದೆ ಓದಿ, ಮಕ್ಕಳು ಕುಣಿಯದಿದ್ದರೆ ಕೇಳಿ. ಆದರೆ ಕೊನೆಯಲ್ಲಿ ಮಕ್ಕಳೇ ಜೋಗಿಯ ಹಿಂದೆ ಹೊರಟು ಹೋಗುತ್ತಾರೆ. ತೀರಾ ಚಿಕ್ಕವರು ಹೆದರುತ್ತಾರೆ, ಅವರಿಗೆ ಇಲಿಗಳ ಭಾಗ ಮಾತ್ರ ಸಾಕು. ಸ್ವಲ್ಪ ದೊಡ್ಡವರ ಜೊತೆ ಓದಿದರೆ ಊರ ಗೌಡರು ಕೊಟ್ಟ ಮಾತು ತಪ್ಪಿದ್ದರ ಬಗ್ಗೆ ಮಾತು ಬಂದೇ ಬರುತ್ತದೆ. "ಭಾನುವಾರ ಲಾಲ್‌ಬಾಗ್‌ಗೆ ಹೋಗೋಣ" ಅಂದು ಮಲಗಿಬಿಟ್ಟ ದಿನ "ಇದು ಬೊಮ್ಮನಹಳ್ಳಿ ಮಾತಾ ಅಪ್ಪ?" ಅಂತ ಕೇಳಿಸಿಕೊಳ್ಳಲು ತಯಾರಾಗಿರಿ.

ಎಂಟು-ಹತ್ತು ವರ್ಷದವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ಪುಸ್ತಕಗಳು ಎರಡು.

ಒಂದು, ಆರ್.ಕೆ. ನಾರಾಯಣ್ 1935ರಲ್ಲಿ ಹೊರತಂದ ಸ್ವಾಮಿ ಮತ್ತವನ ಗೆಳೆಯರ ಕಾದಂಬರಿ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯಿಂದ ಸ್ವಾಮಿ ಎಲ್ಲರಿಗೂ ಗೊತ್ತು. ಆದರೂ ಪುಸ್ತಕದ ಲೆಕ್ಕದ ಪ್ರಸಂಗವನ್ನು ಓದಲೇಬೇಕು. ರಜೆಯಲ್ಲಿ ಅಪ್ಪ ಸ್ವಾಮಿಯನ್ನು ಕೂರಿಸಿಕೊಂಡು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣು, ಅವನಿಗೆ ಅದರಿಂದ ಹದಿನೈದಾಣೆ ಬರಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು. ಅವನು ಎಷ್ಟು ಕೊಡಬೇಕು? ಸ್ವಾಮಿಗೆ ಮೊದಲು ತಿಳಿಯಬೇಕಾದದ್ದು ಬೇರೆ: ಆ ಮಾವು ಹಣ್ಣಾಗಿದ್ದವಾ, ಕಾಯಿಯಾ? ಅಪ್ಪ ನಗು ತಡೆದುಕೊಂಡು, ಮೊದಲು ಲೆಕ್ಕ ಮಾಡು, ಆಮೇಲೆ ಹೇಳ್ತೀನಿ ಅನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅದೇ ಅಪ್ಪ ತಾಳ್ಮೆ ಕಳೆದುಕೊಂಡು ಕಿವಿ ಹಿಂಡುತ್ತಾರೆ, ಹುಡುಗ ಅಳುತ್ತಾನೆ. ಲೆಕ್ಕ ಹೇಳಿಕೊಡಲು ಕೂತ ಎಲ್ಲ ಮನೆಯಲ್ಲೂ ನಗು ಅಳುವಾಗಲು ಇಷ್ಟೇ ಹೊತ್ತು ಹಿಡಿಯೋದು. ಮಾವು ಹಣ್ಣೋ ಕಾಯೋ ಅಂತ ಹುಡುಗ ಕೇಳಿದ್ದು ತಲೆಹರಟೆಯೂ ಅಲ್ಲ. ಸಂತೆಗೆ ಹೋದ ಯಾರೇ ಆದರೂ ಮೊದಲು ಅದನ್ನೇ ಕೇಳೋದು. (ಉತ್ತರ ಆರಾಣೆ. ಮಕ್ಕಳ ಮುಂದೆ ಓದುವ ಮೊದಲು ನೀವೂ ಒಮ್ಮೆ ಮಾಡಿ ನೋಡಿ.)

ಎರಡು, ಜಪಾನಿನ ತೊತ್ತೊಚಾನ್. ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಬಗ್ಗೆ ಬರೆದು 1981ರಲ್ಲಿ ಹೊರಬಂದ ಪುಸ್ತಕ. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ತಂದಿದೆ, ಬೆಲೆಯೂ ಜಾಸ್ತಿ ಇಲ್ಲ. ತುಂಟತನ ತಡೆಯಲಾಗದೆ ಒಂದು ಶಾಲೆ ಹೊರಗೆ ಹಾಕಿದ ಹುಡುಗಿ, ರೈಲಿನ ಬೋಗಿಗಳನ್ನೇ ತರಗತಿ ಮಾಡಿಕೊಂಡ ಇನ್ನೊಂದು ಶಾಲೆಗೆ ಬರುತ್ತಾಳೆ. ಅಲ್ಲೊಂದು ದಿನ ಅವಳ ಪರ್ಸು ಕಕ್ಕಸಿನ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟಿನಂಥದ್ದು ತಂದು ಗುಂಡಿಯಲ್ಲಿದ್ದದ್ದನ್ನೆಲ್ಲ ಎತ್ತಿ ಹೊರಗೆ ರಾಶಿ ಹಾಕುತ್ತಾಳೆ. ಹೆಡ್‌ಮಾಸ್ಟರ್ ಕೊಬಾಯಾಶಿ ಆ ದಾರಿಯಲ್ಲೇ ಬರುತ್ತಾರೆ. ಬೈಯುವುದಿಲ್ಲ, ಮೂಗು ಮುಚ್ಚಿ ಕಿರುಚುವುದೂ ಇಲ್ಲ. ಮುಗಿದ ಮೇಲೆ ಎಲ್ಲ ವಾಪಸ್ ಹಾಕ್ತೀಯಲ್ವಾ ಅಂತ ಕೇಳಿ ಹೊರಟು ಹೋಗುತ್ತಾರೆ. ಮಕ್ಕಳು ಇಲ್ಲಿ ಬಿದ್ದು ಬಿದ್ದು ನಗುತ್ತಾರೆ. ದೊಡ್ಡವರು ಸ್ವಲ್ಪ ಸುಮ್ಮನಾಗುತ್ತಾರೆ. ನಮ್ಮ ಮನೆಯ ಹಿತ್ತಲಲ್ಲಿ ಇದು ನಡೆದಿದ್ದರೆ ಏನಾಗುತ್ತಿತ್ತು ಅಂತ ಎಲ್ಲರಿಗೂ ಗೊತ್ತಲ್ಲ. ಒಂದು ಮಾತು ನೆನಪಿರಲಿ. ಪುಸ್ತಕದ ಕೊನೆಯ ಭಾಗದಲ್ಲಿ ಯುದ್ಧ ಬರುತ್ತದೆ, ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟುಹೋಗುತ್ತದೆ. ಅದನ್ನು ಮಲಗುವ ಹೊತ್ತಿಗೆ ಓದಬೇಡಿ, ಹಗಲಿಗೆ ಇಟ್ಟುಕೊಳ್ಳಿ.

ಹೈಸ್ಕೂಲಿನವರನ್ನು ಕೂರಿಸೋದು ಕಷ್ಟ, ಒಪ್ಪಿದೆ. ಅವರಿಗೆ ಪೂರ್ಣಚಂದ್ರ ತೇಜಸ್ವಿಯವರ ಪರಿಸರದ ಕತೆ ಕೊಡಿ. ಮೂಡಿಗೆರೆಯ ಕಾಡು, ಕಿವಿ ಎಂಬ ನಾಯಿ, ಮೀನು ಹಿಡಿಯುವ ಹುಚ್ಚು, ಸುತ್ತಲಿನ ಜನರ ವಿಚಿತ್ರ ವಾದಗಳು ಎಲ್ಲ ಸಿಗುತ್ತವೆ. ಆಮೇಲೆ ತೇಜಸ್ವಿಯವರ ಕರ್ವಾಲೊ ಕಾದಂಬರಿಯನ್ನು ಮಕ್ಕಳೇ ಕೇಳಿ ತಗೊಳ್ಳುತ್ತಾರೆ. ಹೇಮಾವತಿ ದಂಡೆಯ ಊರಿನ ಜನರ ಬಗ್ಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ಬರೆದ ಹಳ್ಳಿಯ ಚಿತ್ರಗಳು, ನಮ್ಮ ಊರಿನ ರಸಿಕರು ಅಜ್ಜ-ಅಜ್ಜಿ ಜೊತೆಗಿದ್ದರೆ ಇನ್ನೂ ಸೊಗಸು. ಪ್ರತಿ ಪುಟಕ್ಕೂ "ನಮ್ಮೂರಲ್ಲೂ ಒಬ್ಬ ಇದ್ದ" ಅಂತ ಅಜ್ಜ ಅಡ್ಡ ಬರುತ್ತಾರೆ. ಬರಲಿ ಬಿಡಿ, ಅದೂ ಕಥೆಯೇ.

ಟಿ.ಪಿ. ಕೈಲಾಸಂ ಅವರ ಟೊಳ್ಳುಗಟ್ಟಿ ನಾಟಕವನ್ನು ಪಾತ್ರ ಹಂಚಿಕೊಂಡು ಓದಿ. ಮಾರ್ಕ್ಸಿಗಾಗಿ ಓದುವ ಒಬ್ಬ ಮಗ, ಮನೆಯವರಿಗೆ ಆಗಿಬರುವ ಇನ್ನೊಬ್ಬ ಮಗ, ಮಾರ್ಕ್ಸೇ ದೊಡ್ಡದೆಂದು ನಂಬಿದ ಅಪ್ಪ. ನೂರು ವರ್ಷ ದಾಟಿದ ನಾಟಕ, ಆ ಅಪ್ಪ ಮಾತ್ರ ಇನ್ನೂ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಒಂದು ಕಿವಿಮಾತು: ಅಪ್ಪನ ಪಾತ್ರವನ್ನು ಮಗ ಅಥವಾ ಮಗಳೇ ಓದಲಿ. ನಿಮ್ಮ ದನಿ, ನಿಮ್ಮ ಕೆಮ್ಮು, ನಿಮ್ಮ "ನಮ್ಮ ಕಾಲದಲ್ಲಿ" ಎಲ್ಲವನ್ನೂ ಅವರು ಎಷ್ಟು ಚೆನ್ನಾಗಿ ಗಮನಿಸಿದ್ದಾರೆ ಅಂತ ಆಗ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಓದುವ ರೀತಿ

ಊಟ ಆದ ಮೇಲೆ, ಹಾಸಿಗೆ ಹಾಸುವ ಮುಂಚೆ ಹತ್ತು-ಹದಿನೈದು ನಿಮಿಷ ಸಾಕು. ದಿನಾ ಆಗದಿದ್ದರೆ ಬಿಡಿ. ಕರೆಂಟು ಹೋದಾಗ ಟಾರ್ಚ್ ಹಿಡಿದು ಓದಿದ್ದು ಮಕ್ಕಳಿಗೆ ವರ್ಷಗಟ್ಟಲೆ ನೆನಪಿರುತ್ತದೆ.

ನಿಮ್ಮ ಮನೆಯ ಮಾತಿಗೆ ತಿರುಗಿಸಿಕೊಂಡು ಓದಿ. ಪುಸ್ತಕದಲ್ಲಿ ಗ್ರಂಥದ ಭಾಷೆ ಇದ್ದರೆ ಹಾಗೇ ಒಪ್ಪಿಸಬೇಕೆಂಬ ಕಾನೂನಿಲ್ಲ. ಹುಬ್ಬಳ್ಳಿ ಮನೆಯಲ್ಲಿ ತೆನಾಲಿ ರಾಮಕೃಷ್ಣ "ಏನ್ರೀ ಮಹಾರಾಜ್ರ" ಅಂದರೆ ಕೃಷ್ಣದೇವರಾಯ ಬೇಜಾರು ಮಾಡಿಕೊಳ್ಳಲ್ಲ. ಕುಂದಾಪುರದವರಾದರೆ ಇನ್ನೂ ಒಳ್ಳೆಯದು, ಅರ್ಧ ನಗು ಮಾತಿನಲ್ಲೇ ಬರುತ್ತದೆ.

ಅಪ್ಪಂದಿರು ಓದಬೇಕು. ನಮ್ಮಲ್ಲಿ ಕಥೆ ಹೇಳುವ ಕೆಲಸವನ್ನು ಅಮ್ಮ, ಅಜ್ಜಿಗೆ ಬಿಟ್ಟುಬಿಟ್ಟಿದ್ದೇವೆ. ಕಚೇರಿಯಲ್ಲಿ ಗಂಭೀರವಾಗಿರುವ ಮನುಷ್ಯ ಮನೆಯಲ್ಲಿ ಕತ್ತೆಯ ದನಿ ತೆಗೆದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ಮಾಡಬಾರದ್ದು ಮೂರು. ಜೋಕನ್ನು ಬಿಡಿಸಿ ಹೇಳಬೇಡಿ. ಅರ್ಥವಾಗದಿದ್ದರೆ ಮುಂದಿನ ವರ್ಷ ಆಗುತ್ತದೆ. ಕಥೆ ಮುಗಿದ ತಕ್ಷಣ "ಇದರಿಂದ ಏನು ಕಲಿತೆ?" ಅಂತ ಕೇಳಬೇಡಿ, ಮನೆ ಪರೀಕ್ಷಾ ಕೇಂದ್ರವಾಗುತ್ತದೆ. ಹಾಗೇ, ಕೇಳಿದ್ದನ್ನೇ ಕೇಳುತ್ತಾರೆ ಅಂತ ಬೇಸರ ಪಡಬೇಡಿ. ಒಂದೇ ಕಥೆಯ ಒಂದೇ ಸಾಲಿಗೆ ತಿಂಗಳುಗಟ್ಟಲೆ ನಗುವುದು ಮಕ್ಕಳ ಹಕ್ಕು.

ನಾಲ್ಕನೇ ಹೆಜ್ಜೆ: ಪುಸ್ತಕದ ನಗುವನ್ನು ಅಡುಗೆಮನೆಗೆ ತನ್ನಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಲ್ಲ. ಬೆಕ್ಕು ಸಾಕಲು ಅರಸ ಹಸು ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಸುಡುವ ಹಾಲಿಡುತ್ತಾನೆ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತದೆ, ಹಾಲೆಲ್ಲ ಅವನ ಮನೆಯವರಿಗೆ. ಈ ಕಥೆ ಓದಿದ ಮನೆಯಲ್ಲಿ ಉಪ್ಪಿಟ್ಟು ಕಂಡು ಓಡುವ ಮಗುವಿಗೆ "ಬಂತು ನೋಡು ರಾಮಕೃಷ್ಣನ ಬೆಕ್ಕು" ಅನ್ನಬಹುದು. "ಒಂದೇ ಒಂದು ತುತ್ತು" ಎಂಬ ಗೋಳಿಗಿಂತ ಇದು ವಾಸಿ. ಮಗುವೂ ತಿರುಗಿ ಹೇಳಬಹುದು: "ಮೊದಲ ದಿನ ಸುಡ್ಸಿದ್ದು ಯಾರು?" ಒಳ್ಳೆಯ ಪ್ರಶ್ನೆ. ಕೆಲವು ಮಕ್ಕಳಿಗೆ ಉಪ್ಪಿಟ್ಟಿನ ಮೇಲಲ್ಲ, ಅದನ್ನು ಬಾಯಿಗೆ ತುರುಕಿದ ರೀತಿಯ ಮೇಲೆ ಸಿಟ್ಟಿರುತ್ತದೆ.

ಲೋಟ ಒಡೆದಾಗ ಸಿಗಡಿ ಕಥೆ ಬಳಸಿ. ಬೈಯುವ ಬದಲು ಅದೇ ರಾಗದಲ್ಲಿ ಕೇಳುತ್ತಾ ಹೋಗಿ. ಲೋಟ ಯಾಕೆ ಒಡೀತು? ತಂಗಿ ತಳ್ಳಿದಳು. ತಂಗಿ ಯಾಕೆ ತಳ್ಳಿದೆ? ಅಣ್ಣ ರಿಮೋಟ್ ಕಿತ್ಕೊಂಡ. ಅಣ್ಣ ಯಾಕೆ ಕಿತ್ಕೊಂಡೆ? ಅಪ್ಪ ಕಾರ್ಟೂನ್ ತೆಗೆದು ನ್ಯೂಸ್ ಹಾಕಿದ್ರು. ಅಪ್ಪ ಯಾಕೆ ಹಾಕಿದ್ರಿ? ಅಷ್ಟರಲ್ಲಿ ಅಪ್ಪ ಪೊರಕೆ ಹುಡುಕಲು ಎದ್ದಿರುತ್ತಾರೆ. ಚೂರು ಗುಡಿಸುವ ಕೆಲಸ ಮಾತ್ರ ಎಲ್ಲರಿಗೂ ಹಂಚಿ. ನಕ್ಕಿದ್ದಕ್ಕೆ ಕೆಲಸ ಮಾಫಿ ಇಲ್ಲ.

ಇನ್ನೊಂದು ಆಟ ನನಗೆ ಬಹಳ ಇಷ್ಟ. ನಾ. ಕಸ್ತೂರಿಯವರ ಅನರ್ಥಕೋಶ ಎಂಬ ನಗೆಯ ನಿಘಂಟು ಇದೆ, ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವಂಥದ್ದು. ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ನಿಮ್ಮ ಮನೆಯದೇ ಒಂದು ಶುರು ಮಾಡಿ. ಅಡುಗೆಮನೆಯಲ್ಲಿ ದಾರ ಕಟ್ಟಿ ಪೆನ್ನು ನೇತುಹಾಕಿ. ಯಾರು ಬೇಕಾದರೂ ಬರೆಯಬಹುದು, ಅಕ್ಷರ ತಪ್ಪಿದರೂ ತಿದ್ದುವಂತಿಲ್ಲ. ಇಂಥವು ಹುಟ್ಟುತ್ತವೆ:

ಐದು ನಿಮಿಷ: ಅಮ್ಮ ಫೋನಿನಲ್ಲಿದ್ದರೆ ಒಂದು ಗಂಟೆ, ಮಗ ಫೋನಿನಲ್ಲಿದ್ದರೆ ಐದೇ ನಿಮಿಷ.

ನೋಡೋಣ: ಆಗಲ್ಲ.

ಪ್ರಾಜೆಕ್ಟ್: ಸ್ಟೇಷನರಿ ಅಂಗಡಿ ಬಾಗಿಲು ಹಾಕಿದ ಮೇಲೆ ನೆನಪಾಗುವ ಚಾರ್ಟ್ ಪೇಪರ್.

ಪೇರೆಂಟ್ಸ್ ಮೀಟಿಂಗ್: ಅಪ್ಪ-ಅಮ್ಮ ಚಿಕ್ಕ ಬೆಂಚಿನ ಮೇಲೆ ಕೂತು ಬೈಸಿಕೊಳ್ಳುವ ಕಾರ್ಯಕ್ರಮ.

ಅಜ್ಜಿ: ಹೈಕೋರ್ಟು.

ದೊಡ್ಡವರ ಬಗ್ಗೆ ಬರೆಯಲು ಮಕ್ಕಳಿಗೆ ಪೂರ್ತಿ ಪರವಾನಗಿ ಇರಬೇಕು. ಓದಿ ಮುಖ ಗಂಟು ಹಾಕಿಕೊಂಡಿರೋ, ಮಾರನೇ ದಿನದಿಂದ ಪುಸ್ತಕ ಖಾಲಿ.

ಐದನೇ ಹೆಜ್ಜೆ: ಎಲ್ಲಿ ನಗಬಾರದು

ಇದು ಚಿಕ್ಕ ವಿಷಯವಲ್ಲ. ಮಗುವಿನ ಬಣ್ಣ, ತೂಕ, ತೊದಲು, ಹಾಸಿಗೆ ಒದ್ದೆಯಾದದ್ದು, ಕತ್ತಲೆಯ ಭಯ, ಮಾರ್ಕ್ಸು ಇವು ಯಾವುದೂ ನಗೆಯ ಸರಕಲ್ಲ. ನೆಂಟರು ಬಂದಾಗ "ನಮ್ಮ ಪುಟ್ಟಿ ಏನ್ ಮಾಡಿದ್ಲು ಗೊತ್ತಾ" ಅಂತ ಶುರು ಮಾಡುತ್ತೇವೆ. ಎಲ್ಲರೂ ನಗುತ್ತಾರೆ. ಪುಟ್ಟಿ ಬಾಗಿಲ ಹಿಂದೆ ನಿಂತಿರುತ್ತಾಳೆ. ಹೇಳುವ ಮುಂಚೆ ಅವಳನ್ನೇ ಒಂದು ಮಾತು ಕೇಳಿ. ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕುವ ಮುಂಚೆಯೂ ಅಷ್ಟೇ. ಪರೀಕ್ಷೆ ಸುಲಭ: ಯಾರ ಬಗ್ಗೆ ನಗುತ್ತಿದ್ದೇವೋ ಅವರೂ ನಗುತ್ತಿದ್ದಾರಾ? ಇಲ್ಲವೆಂದರೆ ಅಲ್ಲಿಗೆ ನಿಲ್ಲಿಸಿ.

ಹಸಿದ ಮಗು, ಜ್ವರದ ಮಗು, ನಿದ್ದೆಗೆಟ್ಟ ಮಗುವಿನ ಹತ್ತಿರ ತಮಾಷೆ ನಡೆಯುವುದಿಲ್ಲ. ಗಂಭೀರವಾಗಿ ಏನಾದರೂ ಕೇಳಿದಾಗ ಜೋಕು ಮಾಡಿ ಜಾರಿಕೊಳ್ಳುವುದೂ ಸರಿಯಲ್ಲ. "ಶಾಲೆಯಲ್ಲಿ ಯಾರೂ ನನ್ ಜೊತೆ ಕೂರಲ್ಲ" ಅಂದ ಮಗುವಿಗೆ ತೆನಾಲಿ ರಾಮಕೃಷ್ಣ ಬೇಕಾಗಿಲ್ಲ.

ಹಳೆಯ ನಗೆ ಪುಸ್ತಕಗಳಲ್ಲಿ ಬೆತ್ತ ಹಿಡಿದ ಮೇಷ್ಟ್ರು ಇರುತ್ತಾರೆ. ಹೆಂಡತಿಯನ್ನು ಗೇಲಿ ಮಾಡುವ ಗಂಡ, ಜಾತಿ ಹಿಡಿದು ಆಡುವ ಮಾತು, ಕುಂಟ-ಕುರುಡರ ಮೇಲಿನ ಜೋಕು ಇರುತ್ತವೆ. ಚಿಕ್ಕವರಿಗೆ ಓದುವಾಗ ಆ ಸಾಲು ಹಾರಿಸಿ. ದೊಡ್ಡ ಮಕ್ಕಳ ಜೊತೆಯಾದರೆ ಅಲ್ಲೇ ನಿಲ್ಲಿಸಿ, "ಆಗ ಇದಕ್ಕೆ ನಗ್ತಿದ್ರು, ಈಗ ನಿಂಗೆ ನಗು ಬಂತಾ?" ಅಂತ ಕೇಳಿ. ಬೀಚಿಯವರ ತಿಮ್ಮನನ್ನು ಮಕ್ಕಳಿಗೆ ಪುಟ ಆರಿಸಿ ಓದಬೇಕು, ಎಲ್ಲವೂ ಅವರಿಗಾಗಿ ಬರೆದದ್ದಲ್ಲ. ತಿಮ್ಮ ರಸಾಯನವನ್ನು ನೀವು ಮಕ್ಕಳು ಮಲಗಿದ ಮೇಲೆ ಒಬ್ಬರೇ ಓದಿಕೊಳ್ಳಬಹುದು.

ಅಪ್ಪ-ಅಮ್ಮನಿಗೆ ತಮ್ಮದೇ ಒಂದು ಪುಸ್ತಕ ಬೇಕು ಅನ್ನೋದನ್ನು ನಾನು ಒತ್ತಿ ಹೇಳುತ್ತೇನೆ. ಡಾ. ಎಂ. ಶಿವರಾಂ ಎಂಬ ವೈದ್ಯರು, ಓದುಗರಿಗೆ ರಾ.ಶಿ., 1942ರಲ್ಲಿ ಕೊರವಂಜಿ ಎಂಬ ನಗೆ ಮಾಸಪತ್ರಿಕೆ ಶುರು ಮಾಡಿದರು. ಟಿ. ಸುನಂದಮ್ಮ ಅದರಲ್ಲಿ ಬರೆದರು. ಮನೆ, ಗಂಡ, ಅಡುಗೆ, ನೆಂಟರು, ಮಹಿಳಾ ಸಮಾಜ ಅವರ ಕೈಯಲ್ಲಿ ನಗೆ ಬರಹವಾದವು. ಮನೆಗೆಲಸದಲ್ಲಿ ನಗುವಂಥದ್ದು ಏನಿದೆ ಅನ್ನುವವರು ಅವರ ಯಾವ ಸಂಕಲನ ಸಿಕ್ಕರೂ ಓದಬಹುದು. ಹಾಲು ಉಕ್ಕಿದ ದಿನ, ಇಬ್ಬರಿಗೂ ಜ್ವರ ಬಂದ ದಿನ, ಕೆಲಸದವರು ಬಾರದ ದಿನ ಬೇರೆಯವರ ಮನೆಯಲ್ಲೂ ಇದ್ದವು ಅಂತ ಗೊತ್ತಾಗೋದೇ ದೊಡ್ಡ ಸಮಾಧಾನ.

ಆರನೇ ಹೆಜ್ಜೆ: ಪುಸ್ತಕ ಎಲ್ಲಿ ಸಿಗುತ್ತದೆ

ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು. ಹತ್ತಿರದ್ದಕ್ಕೆ ಹೋಗಿ ಮಕ್ಕಳ ಹೆಸರಲ್ಲೇ ಸದಸ್ಯತ್ವ ಕೇಳಿ. ಊರಿನ ನಗರ ಗ್ರಂಥಾಲಯದಲ್ಲಿ ಕೊರವಂಜಿ ಕಾಲದ ಲೇಖಕರ ಹಳೆಯ ಮುದ್ರಣಗಳು ಧೂಳು ಹಿಡಿದು ಕೂತಿರುವುದುಂಟು. ನವಕರ್ನಾಟಕದಂಥ ಪ್ರಕಾಶನಗಳ ಮಳಿಗೆಯಲ್ಲಿ ಮಕ್ಕಳ ವಿಭಾಗ ಚೆನ್ನಾಗಿರುತ್ತದೆ. ಬೊಳುವಾರು ಮಹಮದ್ ಕುಂಞಿ ಸಂಪಾದಿಸಿದ ತಟ್ಟು ಚಪ್ಪಾಳೆ ಪುಟ್ಟ ಮಗು ಸಿಕ್ಕರೆ ಬಿಡಬೇಡಿ. ಬೇರೆ ಬೇರೆ ಕವಿಗಳ ಮಕ್ಕಳ ಪದ್ಯ ಒಂದೇ ಕಡೆ ಸಿಗುತ್ತದೆ.

ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಪ್ರಿಂಟೂ ಹಾಕಿಸಬಹುದು. ಅಲ್ಲಿ ಕಥೆಗಳನ್ನು ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಅಲ್ಲೂ ಮೊದಲ ಹೆಜ್ಜೆಯ ಪರೀಕ್ಷೆ ಮರೆಯಬೇಡಿ. ಚಿತ್ರ ಚೆನ್ನಾಗಿದ್ದು ಅನುವಾದ ಒಣಗಿದ್ದರೆ ಚಿತ್ರ ಇಟ್ಟುಕೊಂಡು ಕಥೆ ನೀವೇ ಹೇಳಿ.

ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಒಂದು ಉಪಾಯ. ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ ಅನ್ನೋದು ಅಲ್ಲಿನ ಮಾಮೂಲಿ ಕಷ್ಟ. ಒಂದೇ ಪುಸ್ತಕದ ಎರಡು ಪ್ರತಿ ಕೊಳ್ಳಿ. ಒಂದು ಊರಲ್ಲಿ ಅಜ್ಜ-ಅಜ್ಜಿಯ ಹತ್ತಿರ, ಇನ್ನೊಂದು ಮಗುವಿನ ಹತ್ತಿರ. ವಿಡಿಯೋ ಕಾಲಿನಲ್ಲಿ "ಊಟ ಆಯ್ತಾ, ಸ್ಕೂಲ್ ಹೆಂಗಿದೆ" ಆದ ಮೇಲೆ ಇಬ್ಬರಿಗೂ ಮಾತು ಖಾಲಿ ಆಗುತ್ತಲ್ಲ, ಆಗ ಪುಸ್ತಕ ತೆಗೆಯಲಿ. ಅಜ್ಜಿ ಓದುತ್ತಾರೆ, ಮಗು ಅದೇ ಪುಟದ ಚಿತ್ರ ನೋಡುತ್ತಾ ಬೆರಳಿಟ್ಟುಕೊಂಡು ಹೋಗುತ್ತದೆ. ಚಿಕ್ಕ ಪದ್ಯದಿಂದ ಶುರು ಮಾಡಿ, ಬಾಯಿಪಾಠವಾದ ಸಾಲಿನ ಅಕ್ಷರ ಬೇಗ ಗುರುತು ಸಿಗುತ್ತದೆ. ಅಜ್ಜಿ ಬೇಕಂತಲೇ ಒಂದು ಪದ ತಪ್ಪು ಓದಲಿ, ಕಸ್ತೂರಿಯ ತುತ್ತೂರಿಯನ್ನು ಇಸ್ತ್ರಿಪೆಟ್ಟಿಗೆ ಮಾಡಲಿ. ತಪ್ಪು ಹಿಡಿಯುವ ಆಸೆಗಾದರೂ ಮಗು ಅಕ್ಷರ ನೋಡುತ್ತದೆ.